ಭಾರತ ಮತ್ತು ಅಮೆರಿಕದ ಮನೆಖರ್ಚಿನ ಹೋಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದ ಅನೇಕ ಕುಟುಂಬಗಳಲ್ಲಿ ಒಬ್ಬರಾದರೂ ಅಮೆರಿಕದಲ್ಲಿ ನೆಲೆಸಿರುವುದರಿಂದ ಅಲ್ಲಿನ ಖರ್ಚನ್ನು ಇಲ್ಲಿನ ಖರ್ಚಿನ ಪಕ್ಕದಲ್ಲಿಟ್ಟು ನೋಡುವ ಮಾತು ನಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಹಲವರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಗೂಡಿಸಿದೆ. ಬೇರೆ ಮೂಲವನ್ನು ಹೇಳದಿದ್ದರೆ, ಭಾರತದ ಅಂಕಿಗಳು 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ನಡೆದ ಗೃಹ ಬಳಕೆ ವೆಚ್ಚ ಸಮೀಕ್ಷೆಯವು. ಅಮೆರಿಕದ ಅಂಕಿಗಳು ಅಲ್ಲಿನ ಕಾರ್ಮಿಕ ಅಂಕಿಅಂಶ ಬ್ಯೂರೋ ನಡೆಸಿದ 2023ರ ಗ್ರಾಹಕ ವೆಚ್ಚ ಸಮೀಕ್ಷೆಯವು.

## ಮೊದಲು ತಿಳಿಯಬೇಕಾದದ್ದು

ಅಮೆರಿಕದಲ್ಲಿರೋ ನಮ್ಮ ಮಗ ದಿನಸಿಗೇ ತಿಂಗಳಿಗೆ 600 ಡಾಲರ್ ಆಗುತ್ತೆ ಅಂತಾನೆ. ಅಂದ್ರೆ ಐವತ್ತು ಸಾವಿರ ರೂಪಾಯಿ ಅಂತ ತಿಳ್ಕೋಬೇಕಾ?

ಅವರು ಆ ಹಣವನ್ನು ಊರಿಗೆ ಕಳಿಸುವುದಾದರೆ ಹೌದು, ಡಾಲರಿಗೆ 83 ರೂಪಾಯಿಯ ದರದಲ್ಲಿ ಅದು ಸುಮಾರು ಐವತ್ತು ಸಾವಿರ ರೂಪಾಯಿಯೇ. ಅದನ್ನು ಅಲ್ಲೇ ಖರ್ಚು ಮಾಡುವುದಾದರೆ ಆ ಗುಣಾಕಾರಕ್ಕೆ ಹೆಚ್ಚು ಅರ್ಥವಿಲ್ಲ. ವಿನಿಮಯ ದರವು ರಫ್ತು, ಆಮದು, ಬಂಡವಾಳದ ಹರಿವು ಮತ್ತು ಬಡ್ಡಿದರಗಳಿಂದ ನಿರ್ಧಾರವಾಗುತ್ತದೆಯೇ ಹೊರತು ಮೈಸೂರಿನ ಅಂಗಡಿಯಲ್ಲಿ ಒಂದು ಕಿಲೋ ತೊಗರಿಬೇಳೆಗೆ ಎಷ್ಟು ಕೊಡಬೇಕು ಎಂಬುದರಿಂದಲ್ಲ. ನಿಮ್ಮ ಮಗನ 600 ಡಾಲರ್ ಅವರ ಸಂಬಳದಲ್ಲಿ ಎಷ್ಟು ಪಾಲು, ಅಷ್ಟಕ್ಕೆ ಎಷ್ಟು ಜನರ ಊಟ ನಡೆಯುತ್ತದೆ ಎಂದು ಕೇಳಿದರೆ ಅವರ ಬದುಕು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಸರಿ, ಎರಡೂ ದೇಶದಲ್ಲಿ ಒಬ್ಬ ಮನುಷ್ಯ ಸರಾಸರಿ ಎಷ್ಟು ಖರ್ಚು ಮಾಡ್ತಾನೆ?

ಭಾರತದ ಸಮೀಕ್ಷೆಯ ಪ್ರಕಾರ ತಲಾ ಮಾಸಿಕ ವೆಚ್ಚ ಹಳ್ಳಿಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ಕರ್ನಾಟಕದಲ್ಲಿ ಇವು ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು: ಗ್ರಾಮೀಣ ಭಾಗದಲ್ಲಿ 4,903, ನಗರ ಭಾಗದಲ್ಲಿ 8,076. ಅಮೆರಿಕದಲ್ಲಿ ಲೆಕ್ಕ ಕುಟುಂಬಕ್ಕೆ ಮತ್ತು ವರ್ಷಕ್ಕೆ: 77,280 ಡಾಲರ್. ಅಲ್ಲಿನ ಸರಾಸರಿ ಮನೆಯಲ್ಲಿ ಎರಡೂವರೆ ಮಂದಿ ಇರುವುದರಿಂದ ತಲೆಗೆ ವರ್ಷಕ್ಕೆ ಸುಮಾರು 30,900 ಡಾಲರ್ ಬೀಳುತ್ತದೆ. ಒಂದು ಕಡೆ ತಿಂಗಳ ಮತ್ತು ತಲಾ ಲೆಕ್ಕ, ಇನ್ನೊಂದು ಕಡೆ ವರ್ಷದ ಮತ್ತು ಮನೆಯ ಲೆಕ್ಕ ಎಂಬುದನ್ನು ಗಮನಿಸದೆ ಮಾಡಿದ ಹೋಲಿಕೆಗಳು ಪತ್ರಿಕೆಗಳಲ್ಲೂ ಬರುತ್ತಿರುತ್ತವೆ. ಆರಂಭದಲ್ಲೇ ಇದನ್ನು ಸರಿಪಡಿಸಿಕೊಳ್ಳಬೇಕು.

ಭಾರತದ ನಗರವಾಸಿಯ ವರ್ಷದ ಖರ್ಚಾದ 83,952 ರೂಪಾಯಿಯನ್ನು ಆಗಿನ ಸುಮಾರು 83 ರೂಪಾಯಿಯ ದರದಲ್ಲಿ ಬದಲಿಸಿದರೆ ಸಾವಿರ ಡಾಲರ್‌ಗಿಂತ ತುಸು ಹೆಚ್ಚಾಗುತ್ತದೆ. ಅಂದರೆ ಒಂದಕ್ಕೆ ಮೂವತ್ತರ ಅಂತರ. ಈ ಮೂವತ್ತು ಎಷ್ಟರಮಟ್ಟಿಗೆ ನಿಜ ಎಂಬುದೇ ಮುಂದಿನ ಬಹುತೇಕ ಪ್ರಶ್ನೆಗಳ ತಿರುಳು.

ನಮ್ಮ ದುಡ್ಡೆಲ್ಲ ಊಟಕ್ಕೇ ಹೋಗುತ್ತೆ, ಅವರಿಗೆ ಊಟದ ಚಿಂತೆಯೇ ಇಲ್ಲ ಅಂತಾರೆ. ನಿಜವಾ?

ಮೊದಲ ಅರ್ಧ ಬಹುಮಟ್ಟಿಗೆ ನಿಜ. ಆಹಾರಕ್ಕೆ ಹೋಗುವ ಪಾಲು ನಮ್ಮ ಹಳ್ಳಿಗಳಲ್ಲಿ ಶೇ. 47, ನಗರಗಳಲ್ಲಿ ಸುಮಾರು ಶೇ. 40; ಅಮೆರಿಕದಲ್ಲಿ ಹೊರಗಿನ ಊಟವೂ ಸೇರಿ ಶೇ. 12.9. ಆದಾಯ ಹೆಚ್ಚಿದಂತೆ ಊಟದ ಖರ್ಚಿನ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಬೆಲ್ಜಿಯಂನ ಕುಟುಂಬಗಳ ಲೆಕ್ಕಪತ್ರ ನೋಡಿ ಹೇಳಿದ್ದರು. ದೇಶಗಳನ್ನು ಹೋಲಿಸುವವರಿಗೆ ಈ ನಿಯಮ ಇಂದಿಗೂ ಬಹಳ ನಂಬಿಕಸ್ತ ಅಳತೆಗೋಲು, ಏಕೆಂದರೆ ಪಾಲನ್ನು ಹೋಲಿಸಲು ವಿನಿಮಯ ದರದ ಹಂಗೇ ಬೇಕಿಲ್ಲ.

ನಮ್ಮ ಊಟದ ಖರ್ಚಿನ ಒಳಗೂ ದೊಡ್ಡ ಬದಲಾವಣೆ ಆಗಿದೆ. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿದ ಧಾನ್ಯದ ಪಾಲು ಈಗ ಹಳ್ಳಿಯ ಒಟ್ಟು ಖರ್ಚಿನಲ್ಲಿ ಶೇ. 5ರಷ್ಟು ಮಾತ್ರ. ಪಾನೀಯ, ತಿಂಡಿ ಮತ್ತು ಸಂಸ್ಕರಿತ ಆಹಾರಕ್ಕೆ ಹಳ್ಳಿಗಳಲ್ಲಿ ಸುಮಾರು ಶೇ. 10, ನಗರಗಳಲ್ಲಿ ಶೇ. 11 ಹೋಗುತ್ತದೆ, ಆಹಾರದ ಗುಂಪಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಬಾಬ್ತು. ಆದ್ದರಿಂದ ಭಾರತೀಯರು ಊಟಕ್ಕೆ ಖರ್ಚು ಮಾಡುತ್ತಾರೆ ಎಂದಾಕ್ಷಣ ಅಕ್ಕಿಮೂಟೆಯನ್ನೇ ಕಣ್ಣಮುಂದೆ ತಂದುಕೊಳ್ಳುವುದು ಇಂದಿನ ಸ್ಥಿತಿಗೆ ಹೊಂದುವುದಿಲ್ಲ.

ಮಾತಿನ ಎರಡನೇ ಅರ್ಧ ಮಾತ್ರ ಸರಿಯಲ್ಲ. ಸರಾಸರಿಯಲ್ಲಿ ಆಹಾರದ ಪಾಲು ಕಡಿಮೆ ಇದ್ದರೂ ಅಲ್ಲಿನ ಬಡ ಕುಟುಂಬಗಳಿಗೆ ಊಟದ ಚಿಂತೆ ಇದ್ದೇ ಇದೆ. ಸರ್ಕಾರ ಆಹಾರ ಖರೀದಿಗೆಂದೇ ಪ್ರತ್ಯೇಕ ಕಾರ್ಡ್ ಕೊಡುವುದು ಅದಕ್ಕಾಗಿಯೇ.

ಹಾಗಾದರೆ ಅವರ ದುಡ್ಡು ಎಲ್ಲಿಗೆ ಹೋಗುತ್ತೆ?

ಮುಖ್ಯವಾಗಿ ಮನೆಗೆ ಮತ್ತು ಕಾರಿಗೆ. ವಸತಿಗೆ ಶೇ. 32.9, ಸಾರಿಗೆಗೆ ಶೇ. 17, ವಿಮೆ ಮತ್ತು ಪಿಂಚಣಿ ಕಂತಿಗೆ ಶೇ. 12.4, ಆರೋಗ್ಯಕ್ಕೆ ಶೇ. 8. ಅಲ್ಲಿ ಶೇ. 90ಕ್ಕಿಂತ ಹೆಚ್ಚು ಮನೆಗಳಲ್ಲಿ ವಾಹನವಿದೆ, ಏಕೆಂದರೆ ಬಹುತೇಕ ಊರುಗಳಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗುವುದೂ ದಿನಸಿ ತರುವುದೂ ಕಷ್ಟ. ಭಾರತದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾರಿದ್ದ ಮನೆಗಳು ಶೇ. 7.5, ದ್ವಿಚಕ್ರ ವಾಹನವಿದ್ದವು ಸರಿಸುಮಾರು ಅರ್ಧ. ಕಾರಿಗೆ ಹೆಚ್ಚು ಖರ್ಚು ಮಾಡುವುದನ್ನು ಸಮೃದ್ಧಿಯ ಗುರುತೆಂದು ಮಾತ್ರ ಓದಬಾರದು. ಊರು ಕಟ್ಟಿದ ರೀತಿಯಿಂದಾಗಿ ತಲೆಯ ಮೇಲೆ ಬಿದ್ದ ಖರ್ಚೂ ಅದರಲ್ಲಿ ಸಾಕಷ್ಟಿದೆ.

## ಬೆಲೆ ಮತ್ತು ಕೊಳ್ಳುವ ಶಕ್ತಿ

ಪಿಪಿಪಿ ಅಂತ ಎಲ್ಲರೂ ಹೇಳ್ತಾರೆ. ಒಂದು ಸಲ ಬಿಡಿಸಿ ಹೇಳ್ತೀರಾ?

ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವಷ್ಟು ಸರಕು ಮತ್ತು ಸೇವೆಯನ್ನು ಭಾರತದಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು ಎಂಬುದೇ ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ಸಮತೆ. ಇದನ್ನು ಲೆಕ್ಕಹಾಕುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವು ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಂಟಿ ಯೋಜನೆಯಾಗಿ 1968ರಲ್ಲಿ ಆರಂಭವಾಯಿತು. ಈಗ ವಿಶ್ವಬ್ಯಾಂಕ್ ಅದರ ಸಮನ್ವಯ ನೋಡಿಕೊಳ್ಳುತ್ತದೆ. 2017ರ ಸುತ್ತಿನಲ್ಲಿ ಭಾರತದ ಪಿಪಿಪಿ 20.65 ರೂಪಾಯಿ ಎಂದು ಬಂತು. ಆ ವರ್ಷ ಮಾರುಕಟ್ಟೆಯ ವಿನಿಮಯ ದರ 65.12 ರೂಪಾಯಿ ಇತ್ತು.

ಒರಟು ಅಂದಾಜಿಗೆ ಅದೇ 20.65ನ್ನು ಮೇಲಿನ 83,952 ರೂಪಾಯಿಗೆ ಅನ್ವಯಿಸಿದರೆ ಸುಮಾರು 4,065 ಡಾಲರ್ ಆಗುತ್ತದೆ, ಅಂತರ ಒಂದಕ್ಕೆ ಮೂವತ್ತರಿಂದ ಒಂದಕ್ಕೆ ಏಳೂವರೆಗೆ ಇಳಿಯುತ್ತದೆ. ಅಮೆರಿಕದ ಲೆಕ್ಕದಿಂದ ವಿಮೆ ಮತ್ತು ಪಿಂಚಣಿಯ ಕಂತನ್ನು ತೆಗೆದರೆ ಏಳಕ್ಕಿಂತಲೂ ಕೆಳಗೆ ಬರುತ್ತದೆ. ಏಳು ಪಟ್ಟು ಎಂಬುದೂ ಸಣ್ಣ ಅಂತರವಲ್ಲ. ಆದರೆ ಮೂವತ್ತು ಪಟ್ಟಿನ ಚಿತ್ರ ಮತ್ತು ಏಳು ಪಟ್ಟಿನ ಚಿತ್ರ ಎರಡು ಬೇರೆಯೇ ಬದುಕುಗಳನ್ನು ತೋರಿಸುತ್ತವೆ. ಈ 20.65 ಇಡೀ ಜಿಡಿಪಿಗೆ ಸಂಬಂಧಿಸಿದ್ದು ಎಂಬುದನ್ನೂ ಮರೆಯಬಾರದು: ಸೇತುವೆ, ಯಂತ್ರ, ಸರ್ಕಾರಿ ನೌಕರರ ಸಂಬಳ ಎಲ್ಲದರ ಬೆಲೆಯೂ ಅದರಲ್ಲಿ ಬೆರೆತಿದೆ. ಮನೆಖರ್ಚಿನ ಹೋಲಿಕೆಗೆ ಮನೆಬಳಕೆಯ ಪಿಪಿಪಿಯನ್ನೇ ಪ್ರತ್ಯೇಕವಾಗಿ ತೆಗೆದುಕೊಳ್ಳುವುದು ಸರಿಯಾದ ಕ್ರಮ.

ಒಂದೇ ಒಂದು ಸಾಮಾನು ತಗೊಂಡು ತೋರಿಸಿ. ಹಾಲು ಅಲ್ಲಿ ದುಬಾರಿಯೋ ಇಲ್ಲಿ ದುಬಾರಿಯೋ?

ಹಾಲು ಒಳ್ಳೆಯ ಉದಾಹರಣೆ, ಏಕೆಂದರೆ ಎರಡೂ ಕಡೆ ಅದು ದಿನನಿತ್ಯದ ಪದಾರ್ಥ. 2025ರ ಏಪ್ರಿಲ್‌ನಲ್ಲಿ ದರ ಏರಿದ ಮೇಲೆ ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲು ಲೀಟರಿಗೆ 46 ರೂಪಾಯಿ ಆಯಿತು. ಅಮೆರಿಕದಲ್ಲಿ ಹಾಲನ್ನು ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಾರೆ. ಆ ಹೊತ್ತಿಗೆ ಒಂದು ಗ್ಯಾಲನ್ನಿಗೆ, ಅಂದರೆ 3.785 ಲೀಟರಿಗೆ, ಸರಾಸರಿ ಸುಮಾರು 4 ಡಾಲರ್ ಇತ್ತು. ಲೀಟರಿಗೆ ಸುಮಾರು 1 ಡಾಲರ್ 6 ಸೆಂಟ್.

ವಿನಿಮಯ ದರದಲ್ಲಿ ನೋಡಿದರೆ, ಡಾಲರಿಗೆ 85 ರೂಪಾಯಿ ಹಿಡಿದು, ಅಮೆರಿಕದ ಹಾಲು ಲೀಟರಿಗೆ 90 ರೂಪಾಯಿ: ನಮ್ಮದರ ಸುಮಾರು ಎರಡರಷ್ಟು. ಎರಡು ಬೆಲೆಗಳನ್ನು ನೇರವಾಗಿ ಭಾಗಿಸಿದರೆ ಹಾಲಿನ ಮಟ್ಟಿಗೆ ಒಂದು ಡಾಲರ್ ಎಂದರೆ ಸುಮಾರು 43 ರೂಪಾಯಿ. ಒಟ್ಟು ಬೆಲೆಮಟ್ಟದ ಲೆಕ್ಕದಲ್ಲಿ ಒಂದು ಡಾಲರ್ ಇಪ್ಪತ್ತು ಚಿಲ್ಲರೆ ರೂಪಾಯಿಗೆ ಸಮ ಎಂದಮೇಲೆ, ಭಾರತದ ಉಳಿದ ಬೆಲೆಗಳ ನಡುವೆ ಹಾಲು ಅಗ್ಗವಲ್ಲ, ದುಬಾರಿಯ ಸಾಲಿಗೇ ಸೇರುತ್ತದೆ.

ಇನ್ನು ದುಡಿಮೆಯ ಸಮಯದಲ್ಲಿ ಅಳೆಯೋಣ. ಅಮೆರಿಕದ ಒಕ್ಕೂಟ ಸರ್ಕಾರ ನಿಗದಿಮಾಡಿದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್, ಆ ಕೂಲಿಯವರು ಒಂದು ಲೀಟರ್ ಹಾಲಿಗೆ ಸುಮಾರು ಒಂಬತ್ತು ನಿಮಿಷ ದುಡಿಯಬೇಕು. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ದಿನಕ್ಕೆ ಎಂಟು ಗಂಟೆ ಹಿಡಿದರೆ ಅದೇ ಲೀಟರ್ ಹಾಲಿಗೆ ಹೆಚ್ಚುಕಡಿಮೆ ಒಂದು ಗಂಟೆಯ ದುಡಿಮೆ ಬೇಕು. ಅಂಗಡಿಯ ಬೆಲೆಯಲ್ಲಿ ಅರ್ಧದಷ್ಟಿರುವ ಹಾಲು ಬೆವರಿನ ಲೆಕ್ಕದಲ್ಲಿ ಆರೇಳು ಪಟ್ಟು ದುಬಾರಿ. ಮಕ್ಕಳ ಪೌಷ್ಟಿಕತೆಯ ಬಗ್ಗೆ ಮಾತಾಡುವವರು ಮೂರನೆಯ ಈ ಅಳತೆಯನ್ನೇ ಮೊದಲು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಟಿಂಗ್ ಮಾಡಿಸೋದು ಅಲ್ಲಿ ಅಷ್ಟು ದುಬಾರಿ, ಐಫೋನ್ ಮಾತ್ರ ಅಲ್ಲೇ ಅಗ್ಗ. ಇದೇನು ವಿಚಿತ್ರ?

ಫೋನು ಹಡಗು, ವಿಮಾನ ಹತ್ತಿ ಬರುತ್ತದೆ, ಕ್ಷೌರ ಬರುವುದಿಲ್ಲ. ಗಡಿ ದಾಟುವ ಸರಕಿನ ಬೆಲೆ ಎಲ್ಲ ಕಡೆ ಹತ್ತಿರ ಹತ್ತಿರ ಇರುತ್ತದೆ, ಮೇಲೆ ತೆರಿಗೆ ಮತ್ತು ಸುಂಕ ಸೇರುತ್ತದೆ. ಕ್ಷೌರದಂಥ ಸೇವೆಯ ಬೆಲೆ ಊರಿನ ಕೂಲಿಯನ್ನು ಹಿಂಬಾಲಿಸುತ್ತದೆ. ಉತ್ಪಾದಕತೆ ಹೆಚ್ಚಿರುವ ದೇಶದಲ್ಲಿ ಕಾರ್ಖಾನೆಯ ಕೂಲಿ ಏರಿದಾಗ ಕ್ಷೌರಿಕರ ಕೂಲಿಯೂ ಅದರ ಜೊತೆ ಏರಬೇಕಾಗುತ್ತದೆ, ಇಲ್ಲದಿದ್ದರೆ ಆ ಕೆಲಸಕ್ಕೆ ಯಾರೂ ಉಳಿಯುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮ್ಯುಯೆಲ್‌ಸನ್ 1964ರಲ್ಲಿ ಬೇರೆ ಬೇರೆಯಾಗಿ ಮಂಡಿಸಿದ ವಿವರಣೆ ಇದು. ಪಿಪಿಪಿ ಮತ್ತು ವಿನಿಮಯ ದರದ ನಡುವಿನ ಅಂತರದ ಬಹುಪಾಲು ಇಂಥ ಸೇವೆಗಳಿಂದಲೇ ಬರುತ್ತದೆ. ಹೀಗಾಗಿ ಮನೆಗೆಲಸದವರನ್ನೂ ಅಡುಗೆಯವರನ್ನೂ ಇಟ್ಟುಕೊಳ್ಳುವ ಬೆಂಗಳೂರಿನ ಕುಟುಂಬಕ್ಕೆ ಪಿಪಿಪಿಯ ಲಾಭ ಹೆಚ್ಚು ಸಿಗುತ್ತದೆ. ದುಡಿಮೆಯ ಹಣದಲ್ಲಿ ಫೋನು ಮತ್ತು ಪೆಟ್ರೋಲನ್ನೇ ಕೊಳ್ಳುವ ಡೆಲಿವರಿ ಹುಡುಗನಿಗೆ ಕಡಿಮೆ.

ಎರಡೂ ಕಡೆಯ ಬೆಲೆಚೀಟಿ ನೋಡಿ ಹೋಲಿಸಿದರೆ ಸಾಕಲ್ವಾ?

ಸಾಲದು. ನಮ್ಮ ಎಂಆರ್‌ಪಿಯಲ್ಲಿ ತೆರಿಗೆಗಳೆಲ್ಲ ಸೇರಿರುತ್ತವೆ. ಅಮೆರಿಕದ ಅಂಗಡಿಯ ಚೀಟಿಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಬರುತ್ತದೆ. ಅದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಶೇ. 7.25, ಆರೆಗಾನ್‌ನಲ್ಲಿ ಸೊನ್ನೆ. ಇಲ್ಲಿ ಮೊಬೈಲ್ ಫೋನಿನ ಮೇಲೆ ಶೇ. 18 ಜಿಎಸ್‌ಟಿ ಇದೆ. ಎರಡೂ ಕಡೆ ಕೊನೆಗೆ ಕೈಯಿಂದ ಕೊಟ್ಟ ಹಣವನ್ನೇ ಹೋಲಿಸಬೇಕು, ಪ್ಯಾಕಿನ ತೂಕವನ್ನೂ ನೋಡಬೇಕು.

## ಸಮೀಕ್ಷೆಯ ಒಳಗೆ

ಪುಕ್ಕಟೆ ಅಕ್ಕಿ, ಹೆಂಗಸರಿಗೆ ಪುಕ್ಕಟೆ ಬಸ್ಸು. ಇದೆಲ್ಲ ಖರ್ಚಿನ ಲೆಕ್ಕದಲ್ಲಿ ಬರುತ್ತಾ?

ಸ್ವಲ್ಪ ಬರುತ್ತದೆ, ಪೂರ್ತಿ ಬರುವುದಿಲ್ಲ. ಸಮೀಕ್ಷೆಯು ಎರಡು ಅಂಕಿಗಳನ್ನು ಕೊಡುತ್ತದೆ. ಪಡಿತರ ಧಾನ್ಯ, ಸಮವಸ್ತ್ರ, ಸೈಕಲ್, ಲ್ಯಾಪ್‌ಟಾಪ್‌ನಂಥ ಉಚಿತ ವಸ್ತುಗಳಿಗೆ ಬೆಲೆಕಟ್ಟಿ ಸೇರಿಸಿದರೆ ಹಳ್ಳಿಯ 4,122 ರೂಪಾಯಿ 4,247 ಆಗುತ್ತದೆ, ನಗರದ 6,996 ರೂಪಾಯಿ 7,078 ಆಗುತ್ತದೆ. ಉಚಿತ ಶಾಲೆ ಮತ್ತು ಉಚಿತ ಆಸ್ಪತ್ರೆಯ ಸೇವೆಗೆ ಬೆಲೆಕಟ್ಟಿಲ್ಲ.

2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯನ್ನು ಈ ದೃಷ್ಟಿಯಿಂದ ನೋಡಿ. ಒಬ್ಬ ಮಹಿಳೆ ಮೊದಲಿನಷ್ಟೇ ಅಥವಾ ಮೊದಲಿಗಿಂತ ಹೆಚ್ಚು ಪ್ರಯಾಣ ಮಾಡಿದರೂ ಆಕೆಯ ಟಿಕೆಟ್ ಖರ್ಚು ಸೊನ್ನೆಗೆ ಇಳಿಯುತ್ತದೆ. ಬಳಕೆ ಏರಿ ಖರ್ಚು ಇಳಿದ ಸಂದರ್ಭ ಇದು. ಖರ್ಚನ್ನು ಮಾತ್ರ ನೋಡಿದವರಿಗೆ ಆಕೆ ಬಡವಾದಂತೆ ಕಾಣುತ್ತದೆ. ಅಮೆರಿಕದಲ್ಲಿ ಸರ್ಕಾರ ಕೊಡುವ ಆಹಾರ ಕಾರ್ಡಿನಿಂದ ಕೊಂಡ ದಿನಸಿಯನ್ನು ಕುಟುಂಬದ ಖರ್ಚಿನಲ್ಲೇ ಸೇರಿಸುತ್ತಾರೆ. ಎರಡು ದೇಶಗಳ ಬಡವರನ್ನು ಹೋಲಿಸುವಾಗ ಈ ಭೇದ ಬಹಳ ದೊಡ್ಡದಾಗುತ್ತದೆ.

ಹೋದ ತಿಂಗಳು ಎಷ್ಟು ಎಣ್ಣೆ ಕೊಂಡೆ ಅಂತ ಯಾರಿಗೆ ನೆನಪಿರುತ್ತೆ? ಈ ಅಂಕಿಗಳನ್ನು ಹೇಗೆ ನಂಬೋದು?

ಇದು ಸಮೀಕ್ಷೆ ನಡೆಸುವವರನ್ನೂ ದಶಕಗಳಿಂದ ಕಾಡಿದ ಪ್ರಶ್ನೆ. 1999–2000ದ ಸಮೀಕ್ಷೆಯಲ್ಲಿ ಆಹಾರದ ಬಗ್ಗೆ ಏಳು ದಿನದ ಮತ್ತು ಮೂವತ್ತು ದಿನದ ಪ್ರಶ್ನೆಗಳನ್ನು ಒಂದೇ ಮನೆಯವರಿಗೆ ಕೇಳಿದ್ದರಿಂದ ಉತ್ತರಗಳು ಒಂದರ ಮೇಲೊಂದು ಪ್ರಭಾವ ಬೀರಿ, ಬಡತನ ಎಷ್ಟು ಇಳಿಯಿತು ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ದೀರ್ಘ ವಾಗ್ವಾದವೇ ನಡೆಯಿತು. ಈಗ ತರಕಾರಿ, ಎಣ್ಣೆಯಂಥವಕ್ಕೆ ಏಳು ದಿನ, ಇತರ ನಿತ್ಯದ ವೆಚ್ಚಕ್ಕೆ ಮೂವತ್ತು ದಿನ, ಬಟ್ಟೆ, ಫ್ರಿಜ್‌ನಂಥವಕ್ಕೆ ಒಂದು ವರ್ಷದ ನೆನಪನ್ನು ಕೇಳುತ್ತಾರೆ. ಆಹಾರ, ನಿತ್ಯಬಳಕೆಯ ವಸ್ತು ಮತ್ತು ಸೇವೆ, ಬಾಳಿಕೆ ಬರುವ ವಸ್ತು ಎಂದು ಮೂರು ಪ್ರಶ್ನಾವಳಿ ಮಾಡಿ, ಅದೇ ಮನೆಗೆ ಮೂರು ತಿಂಗಳಲ್ಲಿ ಮೂರು ಸಲ ಹೋಗುತ್ತಾರೆ. 2023–24ರಲ್ಲಿ ಹೀಗೆ 2,61,953 ಮನೆಗಳಿಂದ ಮಾಹಿತಿ ಪಡೆದರು.

ಅಮೆರಿಕದ ವಿಧಾನ ಬೇರೆ. ಒಂದು ಗುಂಪಿನ ಮನೆಗಳನ್ನು ಮೂರು ತಿಂಗಳಿಗೊಮ್ಮೆ ನಾಲ್ಕು ಸಲ ಸಂದರ್ಶಿಸುತ್ತಾರೆ. ಇನ್ನೊಂದು ಗುಂಪಿನವರಿಂದ ಎರಡು ವಾರ ದಿನಚರಿ ಬರೆಸುತ್ತಾರೆ. ಬರೆದಿಟ್ಟ ಲೆಕ್ಕಕ್ಕೂ ನೆನಪಿನಿಂದ ಹೇಳಿದ ಲೆಕ್ಕಕ್ಕೂ ವ್ಯತ್ಯಾಸ ಬರುವುದು ಸಹಜವಾದ್ದರಿಂದ ಎರಡು ದೇಶಗಳ ಸಣ್ಣಪುಟ್ಟ ಅಂತರಗಳಿಗೆ ಅತಿಯಾದ ಅರ್ಥ ಕಟ್ಟಬಾರದು.

ಸ್ವಂತ ಮನೆ ಇದ್ದವರ ಖರ್ಚು, ಮನೆಸಾಲದ ಇಎಂಐ, ಚಿನ್ನ ಇವೆಲ್ಲ ಎಲ್ಲಿ ಸೇರುತ್ತವೆ?

ಭಾರತದ ಸಮೀಕ್ಷೆ ಕೊಟ್ಟ ಬಾಡಿಗೆಯನ್ನು ಸೇರಿಸುತ್ತದೆ, ಸ್ವಂತ ಮನೆಯಲ್ಲಿರುವವರಿಗೆ ಬಾಡಿಗೆಯನ್ನು ಊಹಿಸಿ ಸೇರಿಸುವುದಿಲ್ಲ, ಮನೆ ಕೊಳ್ಳುವ ವೆಚ್ಚವನ್ನೂ ಹೊರಗಿಡುತ್ತದೆ. ಅಮೆರಿಕದ ಸಮೀಕ್ಷೆ ಮನೆಸಾಲದ ಬಡ್ಡಿ, ಆಸ್ತಿ ತೆರಿಗೆ ಮತ್ತು ದುರಸ್ತಿಯನ್ನು ಸೇರಿಸುತ್ತದೆ, ಅಸಲನ್ನು ಬಿಡುತ್ತದೆ. ಆದ್ದರಿಂದ ವಸತಿಯ ಶೇ. 32.9ನ್ನು ನಮ್ಮ ಬಾಡಿಗೆಯ ಪಾಲಿನ ಪಕ್ಕದಲ್ಲಿ ಇಡುವಂತೆಯೇ ಇಲ್ಲ. ಒಡವೆಯನ್ನು ನಮ್ಮ ಸಮೀಕ್ಷೆ ಬಾಳಿಕೆ ಬರುವ ವಸ್ತುಗಳಲ್ಲಿ ಹಿಡಿಯುತ್ತದೆ. ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟು ಕೊಂಡ ಸರವನ್ನು ಬಳಕೆ ಎನ್ನಬೇಕೋ ಉಳಿತಾಯ ಎನ್ನಬೇಕೋ ಎಂಬುದಕ್ಕೆ ಯಾವ ಕೋಷ್ಟಕವೂ ತೃಪ್ತಿಕರ ಉತ್ತರ ಕೊಡಲಾರದು.

## ಇನ್ನಷ್ಟು ಆಳಕ್ಕೆ

ಜಿಡಿಪಿಯಲ್ಲಿ ಬರೋ ಬಳಕೆ ವೆಚ್ಚವೇ ಒಂದು, ಸಮೀಕ್ಷೆ ಹೇಳೋದೇ ಒಂದು. ಯಾವುದನ್ನು ತಗೋಬೇಕು?

ಪ್ರಶ್ನೆ ಏನು ಎಂಬುದರ ಮೇಲೆ ಅದು ನಿಂತಿದೆ. ರಾಷ್ಟ್ರೀಯ ಲೆಕ್ಕದಲ್ಲಿ ಖಾಸಗಿ ಬಳಕೆಯು ಭಾರತದ ಜಿಡಿಪಿಯ ಸುಮಾರು ಶೇ. 60, ಅಮೆರಿಕದ ಜಿಡಿಪಿಯ ಸುಮಾರು ಶೇ. 68. ಈ ಲೆಕ್ಕ ಉತ್ಪಾದನೆಯ ಕಡೆಯಿಂದ ಬರುತ್ತದೆ: ಎಷ್ಟು ತಯಾರಾಯಿತು, ಅದರಲ್ಲಿ ಎಷ್ಟು ರಫ್ತು, ಎಷ್ಟು ಹೂಡಿಕೆ, ಉಳಿದದ್ದು ಜನರ ಬಳಕೆ. ಸ್ವಂತ ಮನೆಗೆ ಊಹಿಸಿದ ಬಾಡಿಗೆಯೂ ಇದರಲ್ಲಿದೆ. ಅಮೆರಿಕದಲ್ಲಿ ಉದ್ಯೋಗದಾತರು ಕಟ್ಟಿದ ವಿಮೆ ಮತ್ತು ಹಿರಿಯರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಭರಿಸಿದ ಚಿಕಿತ್ಸಾ ವೆಚ್ಚವೂ ಜನರ ಬಳಕೆಯೆಂದೇ ಇಲ್ಲಿ ಸೇರುತ್ತದೆ. ಸಮೀಕ್ಷೆಯಲ್ಲಿ ಕುಟುಂಬದ ಕೈಯಿಂದ ಹೋದದ್ದು ಮಾತ್ರ ಸೇರುತ್ತದೆ. ಭಾರತದಲ್ಲಿ 2011–12ರ ಹೊತ್ತಿಗೆ ಸಮೀಕ್ಷೆಯ ಮೊತ್ತ ರಾಷ್ಟ್ರೀಯ ಲೆಕ್ಕದ ಸುಮಾರು ಅರ್ಧಕ್ಕೆ ಇಳಿದಿತ್ತು. ಶ್ರೀಮಂತರು ಸಮೀಕ್ಷಕರಿಗೆ ಬಾಗಿಲು ತೆರೆಯದಿರುವುದು ಇದಕ್ಕೊಂದು ಮುಖ್ಯ ಕಾರಣ.

ದೇಶಗಳ ಮಾರುಕಟ್ಟೆಯ ಗಾತ್ರ ಹೋಲಿಸುವುದಾದರೆ ರಾಷ್ಟ್ರೀಯ ಲೆಕ್ಕ. ಯಾರು ಏನು ತಿನ್ನುತ್ತಾರೆ, ಯಾವ ವರ್ಗ ಯಾವುದಕ್ಕೆ ಖರ್ಚು ಮಾಡುತ್ತದೆ ಎಂದು ತಿಳಿಯಬೇಕಾದರೆ ಸಮೀಕ್ಷೆ. ಒಂದು ದೇಶಕ್ಕೆ ಒಂದನ್ನು, ಇನ್ನೊಂದು ದೇಶಕ್ಕೆ ಇನ್ನೊಂದನ್ನು ತೆಗೆದುಕೊಳ್ಳುವುದು ಮಾತ್ರ ಎಂದಿಗೂ ಸಲ್ಲದು.

ಅವರು ರಾಗಿ ತಿನ್ನಲ್ಲ, ನಾವು ಬ್ಲೂಬೆರಿ ತಿನ್ನಲ್ಲ. ಯಾರ ಬುಟ್ಟಿ ಇಟ್ಕೊಂಡು ಹೋಲಿಸೋದು?

ಪಿಪಿಪಿ ಲೆಕ್ಕದ ನಿಜವಾದ ಕಗ್ಗಂಟು ಇದೇ. ಮಂಡ್ಯದ ಮನೆಯ ಬುಟ್ಟಿಯನ್ನು ಅಮೆರಿಕದಲ್ಲಿ ತುಂಬಿಸಲು ಹೋದರೆ ರಾಗಿಹಿಟ್ಟಿಗೂ ನುಗ್ಗೆಕಾಯಿಗೂ ಇಂಡಿಯನ್ ಸ್ಟೋರ್ ಹುಡುಕಿಕೊಂಡು ಹೋಗಿ ದುಬಾರಿ ಬೆಲೆ ಕೊಡಬೇಕು. ಆಗ ಭಾರತ ಬಹಳ ಅಗ್ಗದ ದೇಶವಾಗಿ ಕಾಣುತ್ತದೆ. ಅಮೆರಿಕದವರ ಬುಟ್ಟಿಯನ್ನು ಮಂಡ್ಯದಲ್ಲಿ ತುಂಬಿಸಲು ಹೋದರೆ ಚೀಸ್, ಬ್ಲೂಬೆರಿ, ಕಾರು ಎಲ್ಲವೂ ಕೈಸುಡುತ್ತವೆ; ಭಾರತ ಅಷ್ಟೇನೂ ಅಗ್ಗವಲ್ಲ ಎನಿಸುತ್ತದೆ. ಎಲ್ಲ ಕಡೆಯ ಜನರೂ ತಮ್ಮಲ್ಲಿ ಅಗ್ಗವಾಗಿರುವುದನ್ನೇ ಹೆಚ್ಚು ಕೊಳ್ಳುವುದರಿಂದ ಪರರ ಬುಟ್ಟಿ ಯಾವಾಗಲೂ ದುಬಾರಿ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗರ್ಶೆನ್‌ಕ್ರಾನ್ ಪರಿಣಾಮ ಎಂಬ ಹೆಸರಿದೆ.

ಎರಡು ಉತ್ತರಗಳನ್ನೂ ಲೆಕ್ಕಹಾಕಿ, ಗುಣಿಸಿ, ವರ್ಗಮೂಲ ತೆಗೆಯುವುದು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಅವರ ಹೆಸರಿನ ಸೂತ್ರ. ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವು ಅದನ್ನೇ ಹಲವು ದೇಶಗಳಿಗೆ ವಿಸ್ತರಿಸಿ ಬಳಸುತ್ತದೆ. 2021ರ ಸುತ್ತಿನಲ್ಲಿ 176 ದೇಶ ಮತ್ತು ಪ್ರದೇಶಗಳಿದ್ದವು. ಇದು ಒಳ್ಳೆಯ ರಾಜಿಸೂತ್ರ. ಆದರೆ ಅದರಿಂದ ಬರುವ ಸಂಖ್ಯೆ ಮಂಡ್ಯದ ಮನೆಯದೂ ಅಲ್ಲ, ಮಿಶಿಗನ್ನಿನ ಮನೆಯದೂ ಅಲ್ಲ. ಆಹಾರಕ್ಕೆ ಹೆಚ್ಚು ಖರ್ಚು ಮಾಡುವ ಬಡ ಕುಟುಂಬಕ್ಕೆ ಸಲ್ಲುವ ಪಿಪಿಪಿ ದೇಶದ ಸರಾಸರಿಗಿಂತ ಬೇರೆ ಇರುತ್ತದೆ ಎಂಬುದನ್ನು ಬಡತನದ ಲೆಕ್ಕಗಳಲ್ಲಿ ಇನ್ನೂ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಹತ್ತು ಹನ್ನೆರಡು ವರ್ಷದಲ್ಲಿ ಅಂತರ ಕಡಿಮೆ ಆಗಿದೆಯಾ?

ಆಗಿದೆ, ನಿಧಾನವಾಗಿ. 2011–12ರ ಬೆಲೆಯಲ್ಲೇ ಅಳೆದರೆ ಹಳ್ಳಿಯ ತಲಾ ಮಾಸಿಕ ವೆಚ್ಚ 1,430 ರೂಪಾಯಿಯಿಂದ 2023–24ಕ್ಕೆ 2,079ಕ್ಕೆ, ನಗರದ್ದು 2,630ರಿಂದ 3,632ಕ್ಕೆ ಏರಿದೆ. ಅಂದರೆ ಸುಮಾರು ಶೇ. 45 ಮತ್ತು ಶೇ. 38. ಅಮೆರಿಕದ ಕುಟುಂಬದ ವೆಚ್ಚ 2011ರಲ್ಲಿ 49,705 ಡಾಲರ್ ಇದ್ದದ್ದು 2023ಕ್ಕೆ ಶೇ. 55ರಷ್ಟು ಏರಿದರೂ, ಬೆಲೆಗಳೇ ಶೇ. 35ರಷ್ಟು ಏರಿದ್ದರಿಂದ ನಿಜವಾದ ಏರಿಕೆ ಶೇ. 15ರ ಆಸುಪಾಸು. ಈ ನಡುವೆ ನಮ್ಮ ಸಮೀಕ್ಷೆಯ ವಿಧಾನ ಬದಲಾಗಿದೆ, 2017–18ರ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ನೀಡಿ ಸರ್ಕಾರ ಬಿಡುಗಡೆ ಮಾಡಲಿಲ್ಲ. ಹಾಗಾಗಿ ಏರಿಕೆಯ ದಿಕ್ಕನ್ನು ನಂಬಬಹುದು, ಪ್ರಮಾಣವನ್ನು ಎಚ್ಚರದಿಂದ ಓದಬೇಕು.

ನಮ್ಮ ಮನೆ ಖರ್ಚು ಈ 6,996ರ ಹತ್ತಿರಕ್ಕೂ ಬರಲ್ಲ. ಈ ಸರಾಸರಿ ಯಾರದು?

ನಾಲ್ಕು ಜನರ ಮನೆಗೆ ಅದು ತಿಂಗಳಿಗೆ ಸುಮಾರು 28,000 ರೂಪಾಯಿ. ಬೆಂಗಳೂರಿನಲ್ಲಿ ಬಾಡಿಗೆಯೇ ಅಷ್ಟಿರುವವರಿಗೆ ಈ ಅಂಕಿ ನಂಬಲಸಾಧ್ಯ ಎನಿಸುತ್ತದೆ. ಆದರೆ ನಗರ ಭಾರತದಲ್ಲಿ ಅತಿ ಹೆಚ್ಚು ಖರ್ಚು ಮಾಡುವ ಶೇ. 5 ಜನರ ತಲಾ ಸರಾಸರಿ ಸಮೀಕ್ಷೆಯ ಪ್ರಕಾರ 20,310 ರೂಪಾಯಿ ಮಾತ್ರ. ಹಳ್ಳಿಯ ತಳದ ಶೇ. 5 ಜನರದು 1,677 ರೂಪಾಯಿ. ತಲಾ 25,000 ಖರ್ಚು ಮಾಡುವ ಕುಟುಂಬ ತನ್ನನ್ನು ಮಧ್ಯಮ ವರ್ಗವೆಂದು ಭಾವಿಸಿದರೂ, ಸಮೀಕ್ಷೆಯ ಲೆಕ್ಕದಲ್ಲಿ ಅದು ದೇಶದ ತುದಿಯಲ್ಲಿದೆ. ಅಂಥ ಕುಟುಂಬವೊಂದು ನ್ಯೂಜೆರ್ಸಿಯ ನೆಂಟರ ಜೊತೆ ತನ್ನ ಖರ್ಚನ್ನು ಹೋಲಿಸಿಕೊಂಡಾಗ ಅದು ಭಾರತದ ತುದಿಯ ಜನರನ್ನು ಅಮೆರಿಕದ ಒಂದು ಸುಶಿಕ್ಷಿತ ವಲಸಿಗ ಗುಂಪಿನ ಜೊತೆ ಹೋಲಿಸಿದಂತಾಗುತ್ತದೆ, ಭಾರತವನ್ನು ಅಮೆರಿಕದ ಜೊತೆ ಹೋಲಿಸಿದಂತಾಗುವುದಿಲ್ಲ.